ಸರ್ಟಿಫಿಕೇಟ್ ಇದೆ ಸರಿ, ಕತ್ತಿ ಏನೇನು ಕಳ್ಕೊಂಡಿದೆ?

ಟೋಕಿಯೋದಿಂದ ಬರೆದ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. "ಜಪಾನಿನ ಹಳೇ ಕತ್ತಿನ ಆಮೇಲೆ ಯಾರಾದ್ರೂ ಗಿಡ್ಡ ಮಾಡಿದ್ರೆ ಬೆಲೆ ಬಿತ್ತು ಅಂತ ಬರೆದಿದ್ರಿ, ಹಾಗಾದ್ರೆ ಗಿಡ್ಡ ಮಾಡಿದ ಕತ್ತಿಗಳೇ ಅಲ್ಲಿ ರಾಷ್ಟ್ರೀಯ ನಿಧಿ ಹೇಗಾದ್ವು?" ಅಂತ ಕೇಳಿದೀರಿ. ಒಪ್ಕೋತೀನಿ, ಅಷ್ಟು ದೊಡ್ಡ ವಿಷಯನ ಒಂದು ಸಾಲಲ್ಲಿ ಮುಗಿಸಿದ್ದು ನನ್ನ ತಪ್ಪೇ.

ಮೊದಲು ಒಂದು ಮಾತು. ಕುದುರೆ ಮೇಲೆ ಕೂತು ಬೀಸೋಕೆ ಮಾಡಿದ ಉದ್ದ ತಾಚಿಗಳನ್ನ ಮುಂದೆ ನೆಲದ ಮೇಲೆ ನಿಂತು ಹೋರಾಡೋ ಕಾಲ ಬಂದಾಗ ಗಿಡ್ಡ ಮಾಡಿಸ್ತಿದ್ರು, ಇದನ್ನ ಸುರಿಯಾಗೆ ಅಂತಾರೆ. ಕತ್ತರಿಸೋದು ತುದಿಯಿಂದ ಅಲ್ಲ, ಹಿಡಿಕೆಯೊಳಗೆ ಹೋಗೋ ಬುಡದಿಂದ, ಅಂದ್ರೆ ನಕಾಗೋ ಕಡೆಯಿಂದ. ಕಮ್ಮಾರ ತನ್ನ ಹೆಸರು ಕೆತ್ತಿರೋದೂ ಅಲ್ಲೇ! ಜಾಸ್ತಿ ಕತ್ತರಿಸಿದ್ರೆ ಹೆಸರೇ ಹೋಯ್ತು. ಹಾಗಾಗಿ ಒಬ್ಬನೇ ಕಮ್ಮಾರನ ಎರಡು ಅಲಗು ಇದ್ದು, ಒಂದರ ಬುಡ ಹುಟ್ಟಿದ ಹಾಗೇ ಇದ್ದು ಸಹಿ ಉಳಿದಿದ್ರೆ, ಇನ್ನೊಂದು ಕತ್ತರಿಸಿ ಹೆಸರಿಲ್ಲದ್ದಾಗಿದ್ರೆ, ಉಳಿದಿದ್ದೆಲ್ಲ ಸಮ ಇದ್ರೂ ಮೊದಲನೇದರ ಬೆಲೆನೇ ಮೇಲೆ. ನಾನು ಹೇಳೋಕೆ ಹೊರಟಿದ್ದು ಇಷ್ಟೇ.

ಆದ್ರೆ ಫುಕುವೋಕಾ ಸಿಟಿ ಮ್ಯೂಸಿಯಂನಲ್ಲಿರೋ ಹೆಶಿಕಿರಿ ಹಸೇಬೆ ನೋಡಿ, ಹದಿನಾರನೇ ಶತಮಾನದ ಸೇನಾನಾಯಕ ಓದಾ ನೊಬುನಾಗ ಹತ್ರ ಇದ್ದ ಕತ್ತಿ, ಗಿಡ್ಡ ಮಾಡಿ ಸಹಿ ಇಲ್ಲದ್ದು, ಯಾರ ಕೆಲಸ ಅನ್ನೋದನ್ನ ಆಮೇಲೆ ಹೊನ್ನಾಮಿ ಮನೆತನದ ಪರಿಣತ ಗುರುತಿಸಿ ಚಿನ್ನದ ಅಕ್ಷರದಲ್ಲಿ ಬುಡದ ಮೇಲೆ ಬರೆಸಿದ್ದು. ಅದು ರಾಷ್ಟ್ರೀಯ ನಿಧಿ. ಇನ್ನೂ ದೊಡ್ಡ ಉದಾಹರಣೆ ಯೊಶಿಮೊತೋ ಸಮೋಂಜಿ: 1560ರ ಒಕೆಹಜಾಮಾ ಕಾಳಗದಲ್ಲಿ ಎದುರಾಳಿ ಇಮಗಾವಾ ಯೊಶಿಮೊತೋ ಸತ್ತ ಮೇಲೆ ನೊಬುನಾಗ ಇದನ್ನ ತಗೊಂಡು, ಗಿಡ್ಡ ಮಾಡಿಸಿ, ಆ ದಿನದ ತಾರೀಕನ್ನ ಬುಡದ ಮೇಲೆ ಬರೆಸಿದ. 1657ರ ಎದೋ (ಈಗಿನ ಟೋಕಿಯೋ) ಬೆಂಕಿಯಲ್ಲಿ ಅದು ಸುಟ್ಟು, ಮತ್ತೆ ಹದ ಹಾಕಿದ್ರು. ಸಾಮಾನ್ಯ ಕತ್ತಿಗೆ ಮರುಹದ ಅಂದ್ರೆ ಬಹಳ ದೊಡ್ಡ ಪೆಟ್ಟು, ಯಾಕಂದ್ರೆ ಬಾಯಿ ಉದ್ದಕ್ಕೂ ಕಾಣೋ ಹಮೋನ್ ಅನ್ನೋ ಹದದ ಗೆರೆ, ಅಂದ್ರೆ ಆ ಕಮ್ಮಾರನ ಕೈಗುರುತು, ಅವತ್ತಿಗೇ ಸತ್ತ ಹಾಗೆ, ಈಗ ಕಾಣೋದು ಇನ್ಯಾರದೋ ಕೈ. ಆದ್ರೂ ಈ ಕತ್ತಿ ಮಹತ್ವದ ಸಾಂಸ್ಕೃತಿಕ ಆಸ್ತಿ (ರಾಷ್ಟ್ರೀಯ ನಿಧಿಗಿಂತ ಒಂದು ಮೆಟ್ಟಿಲು ಕೆಳಗಿನ ಸರ್ಕಾರಿ ಮನ್ನಣೆ) ಪಟ್ಟಿಲಿದೆ. ಅಲ್ಲಿ ತೂಗಿದ್ದು ಇತಿಹಾಸ. ಅಂಗಡೀಲಿರೋ ಕತ್ತಿಗೆ ಆ ಲೆಕ್ಕ ಹಾಕೋಕಾಗಲ್ಲ.

ಈಗ ನೀವು ತಗೊಳ್ಳೋಕೆ ಅಂತ ಅಂಗಡೀಲಿ ನೋಡಿಟ್ಟಿರೋ ಕತ್ತಿ. ಸಹಿ ಇಲ್ಲ, ಬುಡದಲ್ಲಿ ಹಿಡಿಕೆ ಸಿಕ್ಕಿಸೋ ಮೂರು ಮೊಳೆ ತೂತು, ಆಮೇಲೆ ಕೆತ್ತಿದ ಹಿ (ಅಲಗಿನ ಉದ್ದಕ್ಕೂ ತೋಡಿದ ಕಾಲುವೆಯಂಥ ಗೀರು), ಎನ್‌ಬಿಟಿಎಚ್‌ಕೆ (ಜಪಾನಿನ ಕತ್ತಿಗಳನ್ನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಕೊಟ್ಟ ಹೊಜೋನ್ ಕಾಗದ. 1948ರಲ್ಲಿ ಶುರುವಾದ ಆ ಸಂಸ್ಥೆ ಮೇಲೆ ನನಗೆ ತುಂಬಾ ಗೌರವ ಇದೆ, ಆದ್ರೆ ಹೊಜೋನ್ ಅಂದ್ರೆ ಉಳಿಸಿಕೊಳ್ಳೋ ಯೋಗ್ಯತೆ ಇದೆ ಅಂತ ಅರ್ಥ, ಬೆಲೆ ಚೀಟಿ ಅಲ್ಲ, ಅದರ ಮೇಲೆ ತೊಕುಬೆತ್ಸು ಹೊಜೋನ್, ಜೂಯೋ, ತೊಕುಬೆತ್ಸು ಜೂಯೋ ಅಂತ ಇನ್ನೂ ಮೂರು ಮೆಟ್ಟಿಲಿವೆ. ತೂತು ಜಾಸ್ತಿ ಇರೋದು ಗಾಬರಿ ವಿಷಯ ಅಲ್ಲ, ಗಿಡ್ಡ ಮಾಡಿದಾಗ ಅಥವಾ ಹಿಡಿಕೆ ಬದಲಿಸಿದಾಗ ಹೊಸ ತೂತು ಬೀಳುತ್ತೆ ಅಷ್ಟೇ. ನನಗೆ ಅನುಮಾನ ಇರೋದು ಆ ಹಿ ಮೇಲೆ. ತೂಕ ಇಳಿಸೋಕೂ ಕೆತ್ತುತಾರೆ, ಉಕ್ಕಿನ ದೋಷ ಮುಚ್ಚೋಕೂ ಕೆತ್ತುತಾರೆ, ಅಂಗಡಿಯವರನ್ನ ಯಾಕೆ ಕೆತ್ತಿದ್ದು ಅಂತ ನೇರವಾಗಿ ಕೇಳಿ. ಸಹಿ ಇಲ್ಲದ್ದು ಕತ್ತರಿಸಿದ್ದಕ್ಕಾ, ಇಲ್ಲ ಸುಳ್ಳು ಸಹಿ ಇದ್ದಿದ್ದನ್ನ ಅಳಿಸಿದ್ದಕ್ಕಾ ಅಂತಾನೂ ಕೇಳಿ. ಸುಳ್ಳು ಸಹಿಗೆ ಕಾಗದ ಸಿಗಲ್ಲ ಅಂತ ಅದನ್ನ ಅಳಿಸಿ ತಪಾಸಣೆಗೆ ಕಳಿಸೋದು ಉಂಟು, ಅಳಿಸಿದ ಜಾಗದ ತುಕ್ಕಿನ ಬಣ್ಣ ಬೇರೆ ಇರುತ್ತೆ.

ಸರ್ಕಾರಿ ನೋಂದಣಿ ಕಾರ್ಡಲ್ಲಿ ಬರೆದ ಉದ್ದ, ತೂತಿನ ಲೆಕ್ಕ ಎರಡೂ ಕೈಲಿರೋ ಕತ್ತಿಗೆ ತಾಳೆ ಆಗ್ಬೇಕು, ಆಗದಿದ್ರೆ ದುಡ್ಡು ಕೊಡಬೇಡಿ. ಇನ್ನೊಂದು, ಕೈ ಮುಗಿದು ಕೇಳ್ತೀನಿ: ತಗೊಂಡ ಮೇಲೆ ಬುಡದ ಕಪ್ಪು ತುಕ್ಕು ಉಜ್ಜಿ ತೆಗೀಬೇಡಿ. ವಯಸ್ಸು ಹೇಳೋ ಸಾಕ್ಷಿನೇ ಅದು, ಹೋದ್ರೆ ವಾಪಸ್ ಬರಲ್ಲ. ಸಾಣೆನೂ ಅಷ್ಟೇ, ಪ್ರತಿ ಸಲ ಉಕ್ಕು ಸವೆಯುತ್ತೆ, ಕಲಿತ ತೊಗಿಶಿ (ಕತ್ತಿ ಸಾಣೆ ಹಿಡಿಯೋ ಕಸುಬುದಾರ) ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡಿ.

ಬುಡದ ಎರಡೂ ಕಡೆ ಫೋಟೋ, ಕಾಗದದ ತಾರೀಕು ಕಳಿಸಿ, ನೋಡಿ ಬರೀತೀನಿ.

– ಸಂಪಾದಕ