ಓದುಗರ ಪ್ರಶ್ನೆ: ಅಪ್ಪನ ಪದ್ಮಿನಿಗೆ ಶೆಡ್ ಸಜ್ಜು ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷದಿಂದ ಮನೆಯ ಶೆಡ್‌ನಲ್ಲಿ ನಿಂತಿದೆ. ಅವರು ತೀರಿಕೊಂಡ ಮೇಲೆ ಯಾರೂ ಸ್ಟಾರ್ಟ್ ಮಾಡಿಲ್ಲ. ನಾನೇ ಕೈಯಾರೆ ಸರಿ ಮಾಡಬೇಕು ಅಂತ ಆಸೆ. ಶೆಡ್ 12 ಅಡಿ ಅಗಲ, 20 ಅಡಿ ಉದ್ದ. ತಗಡಿನ ಮಾಡು 9 ಅಡಿ ಎತ್ತರ. ಕೈಯಲ್ಲಿ 60 ಸಾವಿರ ರೂಪಾಯಿ ಇದೆ. ಲಿಫ್ಟ್ ಹಾಕಿಸಲಾ, ನೆಲದಲ್ಲಿ ಗುಂಡಿ ತೆಗೆಸಲಾ? ಮೊದಲು ಯಾವ ಟೂಲ್ ತಗೊಳ್ಳಲಿ?
— ಓದುಗರು, ಕುಂದಾಪುರ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಐ.ಟಿ.ಐ.ಯಲ್ಲಿ 28 ವರ್ಷ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಿದವನು ನಾನು. ನಮ್ಮ ಹುಡುಗರು ಮೊದಲು ಬಿಚ್ಚಿ ಕಲಿಯುತ್ತಿದ್ದದ್ದು ಪದ್ಮಿನಿ ಎಂಜಿನ್ನೇ. 1089 ಸಿಸಿ, ನಾಲ್ಕು ಸಿಲಿಂಡರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಮನೆಯಲ್ಲೇ ಕೆಲಸ ಕಲಿಯಲು ಒಳ್ಳೆಯ ಗಾಡಿ.

ಲಿಫ್ಟ್ ಬೇಡ. ಎರಡು ಕಂಬದ ಲಿಫ್ಟಿಗೆ 11–12 ಅಡಿ ಎತ್ತರ ಬೇಕು, ದಪ್ಪ ಕಾಂಕ್ರೀಟ್ ನೆಲ ಬೇಕು. ನಿಮ್ಮಲ್ಲಿ ಆ ಎತ್ತರವೇ ಇಲ್ಲ. ಗುಂಡಿಯಂತೂ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಗುಂಡಿಗೆ ಇಳಿದು ಅಲ್ಲೇ ಕೂರುತ್ತದೆ. ನೀವು ಬಲ್ಬ್ ಹಿಡಿದು ಒಳಗೆ ಇಳಿದಾಗ ಒಂದು ಕಿಡಿ ಹಾರಿದರೆ ಸಾಕು. ಅದೂ ಅಲ್ಲದೆ ನಿಮ್ಮ ಊರಿನ ಮಳೆಗೆ ಜೂನ್ ತಿಂಗಳಲ್ಲಿ ಆ ಗುಂಡಿ ಬಾವಿ ಆಗಿರುತ್ತದೆ.

ಹಾಗಾದರೆ ಮೊದಲ ಖರ್ಚು ಯಾವುದು? ಮೂರು ಟನ್ನಿನ ಒಂದು ಟ್ರಾಲಿ ಜಾಕ್, ಜೊತೆಗೆ ಅಷ್ಟೇ ಟನ್ನಿನ ನಾಲ್ಕು ಕಬ್ಬಿಣದ ಸ್ಟ್ಯಾಂಡ್. ಪದ್ಮಿನಿ ಒಂದು ಟನ್ನಿಗೂ ಕಡಿಮೆ ತೂಗುತ್ತದೆ, ಮೂರು ಟನ್ ಯಾಕೆ ಅಂತ ಕೇಳಬಹುದು. ಜಾಸ್ತಿ ಟನ್ನಿನ ಸ್ಟ್ಯಾಂಡಿನ ಕಾಲು ಅಗಲ ಇರುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಹಿಡಿದುಕೊಳ್ಳುವ ಕೆಲಸ ಸ್ಟ್ಯಾಂಡಿನದು. ಮುಂದೆ ಕ್ರಾಸ್ ಮೆಂಬರ್ (ಗಾಡಿಯ ಅಡ್ಡ ತೊಲೆ) ಕೆಳಗೆ, ಹಿಂದೆ ಆಕ್ಸಲ್ ಕೆಳಗೆ ಸ್ಪ್ರಿಂಗ್ ಪ್ಲೇಟ್ ಕಟ್ಟಿರುವ ಜಾಗದ ಹತ್ತಿರ ಇಡಿ. ಇಟ್ಟ ಮೇಲೆ ಗಾಡಿಯನ್ನು ಎರಡೂ ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ನುಗ್ಗಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1994ರಲ್ಲಿ ನಮ್ಮ ಮನೆ ಅಂಗಳದಲ್ಲಿ ಒಂದು ಕಾರಿನ ಹಿಂಭಾಗವನ್ನು ಸಿಮೆಂಟ್ ಬ್ಲಾಕ್ ಮೇಲೆ ಕೂರಿಸಿ ಬ್ರೇಕ್ ಡ್ರಮ್ ಬಿಚ್ಚುತ್ತಿದ್ದೆ. ಹದಿನೇಳರ ಸ್ಪ್ಯಾನರ್ ತರಲು ಒಳಗೆ ಹೋದೆ. ಹೊರಗೆ ಧಡ್ ಅಂತ ಸದ್ದು. ಬ್ಲಾಕ್ ಎರಡಾಗಿ ಸೀಳಿ, ಡ್ರಮ್ ನೆಲಕ್ಕೆ ಕಚ್ಚಿ ಕೂತಿತ್ತು. ಎರಡು ನಿಮಿಷದ ಹಿಂದೆ ನನ್ನ ಎದೆ ಇದ್ದ ಜಾಗ ಅದು. ಸಿಮೆಂಟ್ ಬ್ಲಾಕ್ ಆಗಲಿ, ನಿಮ್ಮ ಕಡೆಯ ಕೆಂಪು ಕಲ್ಲಾಗಲಿ, ಬಿರುಕು ಬಿಡುವ ಮುಂಚೆ ಸೂಚನೆ ಕೊಡುವುದಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಾನು ಕಲ್ಲಿನ ಮೇಲೆ ಗಾಡಿ ನಿಲ್ಲಿಸಿಲ್ಲ. ನಿಮ್ಮನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ, ನಿಲ್ಲಿಸಬೇಡಿ.

ಎರಡನೆಯದು ಬೆಳಕು. ಮಾಡಿಗೆ ಒಂದೇ ಟ್ಯೂಬ್ ಹಾಕಿದರೆ ಗಾಡಿಯ ನೆರಳಲ್ಲೇ ನೀವು ಕೆಲಸ ಮಾಡಬೇಕಾಗುತ್ತದೆ. ಎರಡು ಬದಿಯ ಗೋಡೆಗೂ ಭುಜದ ಎತ್ತರದಲ್ಲಿ ಎಲ್‌ಇಡಿ ಟ್ಯೂಬ್ ಹಾಕಿ. ಗೋಡೆಗೆ ಸುಣ್ಣ ಹೊಡೆಯಿರಿ. ಖರ್ಚು ಕಡಿಮೆ, ಬೆಳಕು ದುಪ್ಪಟ್ಟು.

ಕರೆಂಟಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. ಕಂಪ್ರೆಸರ್, ವೆಲ್ಡಿಂಗ್ ಬರುವ ಅಂದಾಜಿದ್ದರೆ 4 ಚದರ ಮಿ.ಮೀ. ತಾಮ್ರದ ವೈರ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಒದ್ದೆ ನೆಲ, ಕಬ್ಬಿಣದ ಗಾಡಿ, ಬೆವರಿದ ಕೈ, ಈ ಮೂರೂ ಸೇರಿದ ಜಾಗ ಅದು. ಲೋಡ್ ಜಾಸ್ತಿ ಆಗುವುದಾದರೆ ಮೆಸ್ಕಾಂಗೆ ಅರ್ಜಿ ಕೊಡಿ.

ಜಾಗದ ಲೆಕ್ಕ ನೋಡೋಣ. ಪದ್ಮಿನಿ ಹೆಚ್ಚುಕಡಿಮೆ 13 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ. ನಟ್ಟನಡುವೆ ನಿಲ್ಲಿಸಿದರೆ ಎರಡು ಬದಿಯೂ ಇಕ್ಕಟ್ಟು. ಒಂದು ಗೋಡೆಗೆ ಎರಡೂವರೆ ಅಡಿ ಬಿಟ್ಟು ನಿಲ್ಲಿಸಿ. ಇನ್ನೊಂದು ಬದಿ ಬಾಗಿಲು ಪೂರ್ತಿ ತೆರೆಯುತ್ತದೆ, ಮಂಡಿಯೂರಿ ಕೂರಲೂ ಆಗುತ್ತದೆ. ಎಂಜಿನ್ ಎದುರಿಗೆ ಮರದ ಬೆಂಚು, ಅದರ ಮೂಲೆಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ವೈಸ್. ಒಬ್ಬನೇ ಕೆಲಸ ಮಾಡುವವನಿಗೆ ವೈಸ್ ಅಂದರೆ ಮೂರನೇ ಕೈ.

ಈಗ ಟೂಲಿನ ಮಾತು. ಪದ್ಮಿನಿ ಫಿಯಟ್ ವಂಶದ ಗಾಡಿ, ನಟ್ಟು ಬೋಲ್ಟೆಲ್ಲ ಮಿಲಿಮೀಟರ್ ಲೆಕ್ಕ. 8ರಿಂದ 22ರವರೆಗೆ ರಿಂಗ್ ಸ್ಪ್ಯಾನರ್ ಸೆಟ್, ಅದೇ ಅಳತೆಯ ಡಿ (ಬಾಯಿ ತೆರೆದ) ಸ್ಪ್ಯಾನರ್, ಅರ್ಧ ಇಂಚಿನ ಹಿಡಿಗೆ ಕೂರುವ ಬಾಕ್ಸ್ ಸ್ಪ್ಯಾನರ್ (ಸಾಕೆಟ್) ಸೆಟ್, ಉದ್ದ ಹಿಡಿಯ ಬಾರ್. ಇಷ್ಟರಲ್ಲಿ ಮುಕ್ಕಾಲು ಗಾಡಿ ಬಿಚ್ಚಬಹುದು. ತಪಾರಿಯಾದಂಥ ಒಳ್ಳೆಯ ಕಂಪನಿಯದ್ದನ್ನೇ ತಗೊಳ್ಳಿ. ಇನ್ನೂರು ಪೀಸಿನ ಹೊಳೆಯುವ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಬಿಗಿದ ನಟ್ಟಿಗೆ ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಡಿ ಹಾಕಿದರೆ ಮೂಲೆ ಸವೆಯುತ್ತದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಅರ್ಧ ಬಲದಲ್ಲಿ ಬಿಡುತ್ತದೆ.

ನಟ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ದುಬಾರಿ ಅನಿಸಿದರೂ ತಗೊಳ್ಳಿ. ಈ ಎಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಅಲ್ಯುಮಿನಿಯಂ. ಕೈ ಅಂದಾಜಿನಲ್ಲಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿಗಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ.

ದುಡ್ಡಿಲ್ಲದ ಟೂಲ್ ಒಂದಿದೆ, ನಿಮ್ಮ ಫೋನ್. ಪ್ರತಿ ಭಾಗ ಬಿಚ್ಚುವ ಮುಂಚೆ ನಾಲ್ಕು ಫೋಟೋ. ಬಿಚ್ಚಿದ ನಟ್ಟು, ವಾಷರ್, ಕ್ಲಿಪ್ಪು ಐಸ್‌ಕ್ರೀಂ ಡಬ್ಬಕ್ಕೆ. ಡಬ್ಬದ ಮೇಲೆ ‘ಎಡ ಮುಂದಿನ ಬಾಗಿಲು’ ಅಂತ ಚೀಟಿ. ಸ್ಟೀರಿಂಗ್ ಪಕ್ಕದ ಗೇರ್ ಲಿಂಕಿನಲ್ಲಿ ಇರುವ ಸಣ್ಣ ಬುಷ್‌ಗಳು ಆರು ತಿಂಗಳ ನಂತರ ಯಾವುದು ಎಲ್ಲಿಯದು ಅಂತ ನೆನಪಿರುವುದಿಲ್ಲ.

ಒಂದು ಮಾತು, ಆಸೆಗೆ ಬಿದ್ದು ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಹನ್ನೊಂದು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಅಂಟಿರಬಹುದು. ನಾಲ್ಕೂ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ವಾರ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ.

ಎಂಜಿನ್ ಇಳಿಸಬೇಕಾದಾಗ ಚೈನ್ ಬ್ಲಾಕನ್ನು (ಸರಪಳಿ ಎಳೆದು ಭಾರ ಎತ್ತುವ ಸಾಧನ) ಮಾಡಿನ ಪೈಪಿಗೆ ಕಟ್ಟಬೇಡಿ. ಆ ಪೈಪು ತಗಡು ಹೊರಲು ಹಾಕಿದ್ದು. ಪರಿಚಯದ ಗ್ಯಾರೇಜಿನಿಂದ ಎಂಜಿನ್ ಕ್ರೇನ್ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ವರ್ಷಕ್ಕೆ ಒಮ್ಮೆ ಬೇಕಾಗುವುದನ್ನೆಲ್ಲ ಬಾಡಿಗೆಗೆ ತರುವುದೇ ಸರಿ. ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಕೆಲಸ ಲೇತ್‌ನವರಿಗೆ ಕೊಡಿ.

ನಿಮ್ಮ ಅಸಲಿ ಶತ್ರು ಕಡಲ ಗಾಳಿಯ ತುಕ್ಕು. ಬಾಗಿಲ ತಳ, ಕಾಲಿಡುವ ಮ್ಯಾಟಿನ ಕೆಳಗಿನ ಫ್ಲೋರ್, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಇಲ್ಲೆಲ್ಲ ಸ್ಕ್ರೂ ಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ ಪೂರ್ತಿ ಕತ್ತರಿಸಿದರೆ ಗಾಡಿ ನಡುವೆ ಜಗ್ಗುತ್ತದೆ, ಬಾಗಿಲು ಮತ್ತೆ ಕೂರುವುದಿಲ್ಲ. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿಸಿ. ಈ ಒಂದು ಕೆಲಸಕ್ಕೆ ಅನುಭವ ಇರುವ ಟಿಂಕರಿಂಗ್ ಮೇಸ್ತ್ರಿಯನ್ನು ಶೆಡ್ಡಿಗೇ ಕರೆಸಿ, ಪಕ್ಕದಲ್ಲಿ ನಿಂತು ಕಲಿಯಿರಿ.

ತುಕ್ಕು ಕೆರೆದ ತಗಡು ನಿಮ್ಮ ಊರಲ್ಲಿ ಒಂದೇ ರಾತ್ರಿಗೆ ಮತ್ತೆ ಕೆಂಪಾಗುತ್ತದೆ. ಸಂಜೆಯೊಳಗೆ ಪ್ರೈಮರ್ ಹೊಡೆಯಲು ಆಗುವಷ್ಟೇ ಜಾಗ ಕೆರೆಯಿರಿ. ಪುಟ್ಟಿ ತೇವ ಹೀರುತ್ತದೆ, ಹಾಗಾಗಿ ಅದನ್ನು ಪ್ರೈಮರ್ ಇಲ್ಲದೆ ಬಿಡಬೇಡಿ. ಮಳೆಗಾಲದಲ್ಲಿ ಎಂಜಿನ್, ಬ್ರೇಕ್, ಸೀಟಿನ ಕೆಲಸ ಇಟ್ಟುಕೊಳ್ಳಿ. ಪೇಂಟ್ ಡಿಸೆಂಬರ್ ನಂತರ. ತೇವದ ಗಾಳಿಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ಥಿನ್ನರ್ ಆರುವಾಗ ನೀರು ಕೂತು ಬಣ್ಣ ಬೆಳ್ಳಗಾಗುತ್ತದೆ. ಟೂಕೆ (ಹಾರ್ಡ್‌ನರ್ ಬೆರೆಸಿ ಹೊಡೆಯುವ) ಪೇಂಟ್ ಆದರೆ ಮನೆಯಲ್ಲಿ ಹೊಡೆಯಲೇಬೇಡಿ. ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಹೊಕ್ಕರೆ ದಮ್ಮು ಬರಬಹುದು. ಬಟ್ಟೆಯ ಮಾಸ್ಕಿಗೆ ಅದು ನಿಲ್ಲುವುದಿಲ್ಲ. ಬೂತ್ ಇರುವವರಿಗೆ ಕೊಡಿ. ಹಾಗಾದ ಮೇಲೆ ದೊಡ್ಡ ಕಂಪ್ರೆಸರ್ ಖರ್ಚೂ ಉಳಿಯಿತು, ಅಲ್ವಾ?

ಕೆರೆಯುವಾಗ, ಪೇಂಟ್ ಮಾಡುವಾಗ ಚಾಸಿ ನಂಬರ್ ಇರುವ ಜಾಗಕ್ಕೆ ಟೇಪ್ ಹಚ್ಚಿ ಕಾಪಾಡಿ. ಅದು ಅಳಿಸಿದರೆ ಆರ್‌ಟಿಒದಲ್ಲಿ ನಿಮ್ಮ ಗಾಡಿ ನಿಮ್ಮದೇ ಅಂತ ತೋರಿಸುವುದು ಕಷ್ಟ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ನನ್ನ ಕೇಳಿದರೆ ನಿಮ್ಮ ತಂದೆಯವರು ಇಟ್ಟಿದ್ದ ಬಣ್ಣವನ್ನೇ ಇಡಿ.

ಪ್ರಶ್ನೆ: ನಮ್ಮ ಮನೆಯವರು ಹಳೇ ಅಂಬಾಸಿಡರ್ ರಿಪೇರಿ ಮಾಡುತ್ತಿದ್ದಾರೆ. ಶೆಡ್‌ಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಪೆಟ್ರೋಲ್ ಟ್ಯಾಂಕಿಗೆ ತೂತು ಬಿದ್ದಿದೆ. ಖಾಲಿ ಮಾಡಿಟ್ಟಿದ್ದೇನೆ, ನಾನೇ ವೆಲ್ಡ್ ಮಾಡುತ್ತೇನೆ ಅನ್ನುತ್ತಾರೆ. ಭಯವಾಗುತ್ತದೆ.
— ಓದುಗರು, ಹಾಸನ

ಉತ್ತರ: ನಿಮ್ಮ ಭಯ ಸರಿಯಾಗಿದೆ. ದಯವಿಟ್ಟು ಈ ಪುಟವನ್ನು ಅವರಿಗೆ ಇವತ್ತೇ ತೋರಿಸಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತು ಬಾಂಬ್ ಆಗಿರುತ್ತದೆ. ತಿಂಗಳುಗಟ್ಟಲೆ ಖಾಲಿ ಇದ್ದರೂ ಮೂಲೆಯ ತುಕ್ಕಿನಲ್ಲಿ ಪೆಟ್ರೋಲ್ ಅಂಶ ಉಳಿದಿರುತ್ತದೆ, ಬಿಸಿ ತಗುಲಿದಾಗ ಏಳುತ್ತದೆ. ಟ್ಯಾಂಕ್ ರಿಪೇರಿ ಮಾಡುವ ಅನುಭವ ಇರುವ ರೇಡಿಯೇಟರ್ ಅಂಗಡಿಗೆ ಕೊಡಿ. ಅಲ್ಲಿಯವರೆಗೆ ಟ್ಯಾಂಕನ್ನು ಬಯಲಲ್ಲಿ, ಒಲೆಯಿಂದ ದೂರ ಇಡಿಸಿ.

ಶೆಡ್ಡಿನ ಬಾಗಿಲ ಪಕ್ಕ 4 ಅಥವಾ 6 ಕೆ.ಜಿ.ಯ ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿಸಿ. ಒಳಗಿನ ಮೂಲೆಯಲ್ಲಿ ಇಟ್ಟರೆ ಬೆಂಕಿ ದಾಟಿ ಹೋಗಬೇಕಾಗುತ್ತದೆ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು, ಒಂದು ಬಕೆಟ್ ಮರಳು ಇರಲಿ. ಗಾಡಿಯ ಬಾಡಿಯಲ್ಲಿ ವೆಲ್ಡಿಂಗ್ ಮಾಡಿದ ದಿನ ಕೆಲಸ ಮುಗಿದ ಮೇಲೂ ಒಂದು ಗಂಟೆ ಶೆಡ್ಡಿನಲ್ಲೇ ಇರಲು ಹೇಳಿ. ಕಾರ್ಪೆಟ್ಟು, ವೈರು ಒಳಗೊಳಗೇ ಕಮರುತ್ತಾ ಇದ್ದು ರಾತ್ರಿ ಹೊತ್ತಿಕೊಳ್ಳಬಹುದು.

ಇನ್ನೊಂದು ವಿಷಯ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿ ಧೂಳನ್ನು ಗಾಳಿ ಹೊಡೆದು ಹಾರಿಸಿದರೆ ಗೋಡೆಯ ಆಚೆ ನಿಮ್ಮ ಅಡುಗೆಮನೆಗೂ ಬರುತ್ತದೆ. ನೀರು ಹಾಕಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ಹೊಸ ಸ್ಪ್ಯಾನರ್ ಸೆಟ್ ತಂದೆ. ಅಂಬಾಸಿಡರ್ ನಟ್ಟಿಗೆ ಒಂದು ಸಡಿಲ, ಒಂದು ಹೋಗುವುದೇ ಇಲ್ಲ. ಸೆಟ್ ಕಳಪೆಯಾ?
— ಓದುಗರು, ದಾವಣಗೆರೆ

ಉತ್ತರ: ಸೆಟ್ಟಿನ ತಪ್ಪಲ್ಲ. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅದರದ್ದು ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿ.ಮೀ. ಹದಿಮೂರರದು ಹಾಕಿದರೆ ಕೂತ ಹಾಗೆ ಅನಿಸುತ್ತದೆ, ಬಲ ಹಾಕಿದಾಗ ಜಾರಿ ಮೂಲೆ ತಿನ್ನುತ್ತದೆ. 9/16 ಇಂಚಿನದಕ್ಕೆ ಹದಿನಾಲ್ಕು ಹೋಗುವುದಿಲ್ಲ, ಹದಿನೈದು ಲೊಡಲೊಡ. ಅಂಗಡಿಯಲ್ಲಿ ‘ಎಎಫ್ ಇಂಚ್ ಸೆಟ್’ (ನಟ್ಟಿನ ಎದುರುಬದುರು ಮುಖಗಳ ನಡುವಿನ ಅಳತೆಯದು) ಅಂತ ಕೇಳಿ. 7/16ರಿಂದ 3/4ರವರೆಗೆ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ತೊಂಬತ್ತರ ದಶಕದ ಇಸುಜು ಎಂಜಿನ್ ಗಾಡಿ ಆದರೆ ಎಂಜಿನ್ನಿಗೆ ಮಿಲಿಮೀಟರ್ ಸೆಟ್ಟೇ ಬೇಕು, ಈಗ ತಂದದ್ದನ್ನು ವಾಪಸ್ ಕೊಡಬೇಡಿ. ಸ್ಪೇರ್ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಹೋಗುವಾಗ ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ತಗೊಳ್ಳಿ.