ಜಿಂಕೆ ಕಡಿಮೆ ಇರುವ ಕಾಡಿಗೆ ಹೊರಟ ತಮ್ಮನಿಗೆ

ತಮ್ಮಾ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಬಂದು ಸ್ವಲ್ಪ ತಿಂಗಳಾಯಿತು, ಉತ್ತರದ ಅಡಿರಾಂಡ್ಯಾಕ್ ಕಾಡಿಗೆ ಜಿಂಕೆ ಬೇಟೆಗೆ ಹೋಗಬೇಕು, ಆದರೆ ಅಲ್ಲಿ ಜಿಂಕೆಯೇ ಇಲ್ಲ ಅಂತ ಆಫೀಸಿನವರು ಹೇಳುತ್ತಾರೆ, ನಿಜವಾ ಅಂತ ಕೇಳಿದ್ದೀಯ. ನಮ್ಮ ಕೊಡಗಿನ ನಾಪೋಕ್ಲು ಹುಡುಗ ಅಂತ ಓದಿ ಮನಸ್ಸು ತುಂಬಿತು. ನಾನು ಭಾಗಮಂಡಲ ಕಡೆಯವನು.

ಕೋವಿ ನೋಡಿಕೊಂಡೇ ಬೆಳೆದವನು, ಆಯುಧ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದವನು ಅಂತಲೂ ಬರೆದಿದ್ದೀಯ. ಅದು ಊರಿನ ಮಾತು. ನೀನೀಗ ಎಚ್-1ಬಿ, ಅಂದರೆ ಕೆಲಸಕ್ಕಾಗಿ ಕೊಡುವ ತಾತ್ಕಾಲಿಕ ವೀಸಾದಲ್ಲಿ ಇದ್ದೀಯ. ಇಂಥ ವೀಸಾದವರು ಕೋವಿ ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯನ ರೈಫಲನ್ನು ಸುಮ್ನೆ ಹಿಡಿದು ನೋಡುವುದು ಕೂಡ ಲೈಸೆನ್ಸ್ ಬಂದ ಮೇಲೆಯೇ. ಲೈಸೆನ್ಸ್ ಬೇಕೆಂದರೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ವೀಸಾ ವಕೀಲರನ್ನೂ ಒಮ್ಮೆ ಕೇಳು. ಒಂದು ಜಿಂಕೆಗಾಗಿ ಈ ದೇಶದ ಬಾಳನ್ನೇ ಪಣಕ್ಕಿಡಬೇಡ.

ಉಳಿದ ಪ್ರಶ್ನೆಗಳು ಬೇಗ ಮುಗಿಯುತ್ತವೆ. ಜಿಂಕೆಗೆ ನಾಯಿ ಬಿಡುವಂತಿಲ್ಲ. ಮಾಂಸ ಮಾರುವಂತಿಲ್ಲ, ಪಾಲು ಕೊಡಬಹುದು. ಅಲ್ಲಿ ರೈಫಲ್ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ ಡಿಸೆಂಬರ್ ಮೊದಲಿಗೆ ಮುಗಿಯುತ್ತದೆ. ಆಗ ಸಾಮಾನ್ಯವಾಗಿ ಗಂಡು ಜಿಂಕೆ ಮಾತ್ರ, ಅದಕ್ಕೂ ಒಂದು ಕೊಂಬಾದರೂ 3 ಇಂಚು ಇರಬೇಕು. ಹೊಳೆಯುವ ಕಿತ್ತಳೆ ಬಣ್ಣದ ಟೋಪಿ ಹಾಕಿಕೋ. ಮಾಂಸದ ಸಾರಿಗೆ ಹಾಕುವ ನಮ್ಮ ಹುಳಿ, ಕಾಚಂಪುಳಿ, ಊರಿಂದ ತರಿಸು.

ಈಗ ಜಿಂಕೆಯ ವಿಷಯ. ಇವೆ, ಆದರೆ ಬಹಳ ಕಡಿಮೆ. ನ್ಯೂಯಾರ್ಕ್ ರಾಜ್ಯದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹೋದರೆ ಸೇಬಿನ ತೋಟ, ಜೋಳದ ಹೊಲದ ಅಂಚಿನಲ್ಲೇ ಸಿಗುತ್ತವೆ. ಅಡಿರಾಂಡ್ಯಾಕ್ ಸುಮಾರು 60 ಲಕ್ಷ ಎಕರೆ. ಅದರಲ್ಲಿ ಸರ್ಕಾರದ ಕಾಡನ್ನು ಎಂದೆಂದಿಗೂ ಕಾಡಾಗಿಯೇ ಉಳಿಸಬೇಕು, ಮರ ಕಡಿಯಬಾರದು ಅಂತ 1894ರಲ್ಲೇ ರಾಜ್ಯದ ಸಂವಿಧಾನದಲ್ಲಿ ಬರೆದಿದ್ದಾರೆ. ಅದಕ್ಕೇ ಅಲ್ಲಿ ಮುದಿ ಮರಗಳೇ ಜಾಸ್ತಿ. ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಜಿಂಕೆ ಮೇಯುವ ಎಳೆಯ ಚಿಗುರು ಕಡಿಮೆ. ಮೇಲಿಂದ ಆಳವಾದ ಹಿಮ. ಕೆಳಗೆ ಜೌಗು, ಗಾಳಿಗೆ ಉರುಳಿದ ಮರಗಳ ರಾಶಿ. ಮೊಬೈಲ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ದಿಕ್ಸೂಚಿ ನೋಡಲು ಕಲಿ, ಎಲ್ಲಿಗೆ ಹೋಗುತ್ತೀಯ ಅಂತ ಮನೆಯಲ್ಲಿ ಬರೆದಿಟ್ಟು ಹೋಗು. ಹತ್ತಿಬಟ್ಟೆ ಬೇಡ, ಉಣ್ಣೆ ಹಾಕು. ಹತ್ತಿ ಒದ್ದೆಯಾದರೆ ಆ ಚಳಿಯಲ್ಲಿ ಪ್ರಾಣಕ್ಕೇ ಕುತ್ತು.

ಇಡೀ ದಿನ ನಡೆದರೂ ಒಂದು ಬಾಲವೂ ಕಾಣದ ದಿನಗಳೇ ಅಲ್ಲಿ ಜಾಸ್ತಿ. ಅದಕ್ಕೆ ಜಿಂಕೆಯನ್ನು ಹುಡುಕಬೇಡ, ಅದರ ಊಟವನ್ನು ಹುಡುಕು. ಅಲ್ಲಿ ಗುಡ್ಡಗಳ ಮೇಲೆ ಬೀಚ್ ಅಂತ ಒಂದು ಮರವಿದೆ, ಅದು ಕಾಯಿ ಬಿಟ್ಟ ವರ್ಷ ಜಿಂಕೆಗಳು ಆ ಗುಡ್ಡದ ಸಾಲು ಬಿಡುವುದಿಲ್ಲ. ಒಣಗಿದೆಲೆಯನ್ನು ಗೊರಸಿನಿಂದ ಕೆದಕಿದ ಗುರುತು ನೋಡು. ಕಾಯಿ ಬಿಡದ ವರ್ಷ ಅದೇ ಗುಡ್ಡ ಖಾಲಿ. ಆಗ ಜೌಗಿನ ಅಂಚು ಹಿಡಿದು ನಡೆ. ಗಾಳಿ ಎದುರಿನಿಂದ ಬರುತ್ತಿರಬೇಕು ಅಂತ ನಿನಗೆ ಹೇಳಬೇಕಾಗಿಲ್ಲ.

ಇದನ್ನು ನನಗೆ ಇಲ್ಲಿ ಯಾರೂ ಹೊಸದಾಗಿ ಕಲಿಸಲಿಲ್ಲ. ನೆಲ್ಲಿಕಾಯಿ ಉದುರುವ ಕಾಲದಲ್ಲಿ ಕಾಡುಕುರಿ ಯಾವ ಮರದ ಬುಡಕ್ಕೆ ಬರುತ್ತದೆ ಅಂತ ಅಪ್ಪ ತೋರಿಸುತ್ತಿದ್ದರು. 1972ರ ವನ್ಯಜೀವಿ ಕಾಯಿದೆಗೂ ಮುಂಚೆ ಅಜ್ಜನ ಹಿಂದೆ ಕಾಡು ಸುತ್ತಿದವರು ಅವರು. ನಮ್ಮ ಕಾಲಕ್ಕೆ ಬೇಟೆ ಇರಲಿಲ್ಲ, ಇರಲೂಬಾರದು. ಹೆಜ್ಜೆ ಗುರುತು ಓದುವುದನ್ನು ಮಾತ್ರ ಅವರು ಬಿಡದೆ ಕಲಿಸಿದರು. ನಾನು ಈ ದೇಶಕ್ಕೆ ಇಳಿದದ್ದು ಜನವರಿಯಲ್ಲಿ. ಅಂಗಡಿಯವರ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಬಸ್ ಎಲ್ಲಿ ನಿಲ್ಲುತ್ತದೆ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಡಿಗೆ ಮನೆಯ ಹಿತ್ತಿಲ ಹಿಮದಲ್ಲಿ ಗೊರಸಿನ ಗುರುತು ಕಂಡಿತು. ಹೆಣ್ಣು, ಹಿಂದೆ ಎರಡು ಮರಿ, ಬೇಲಿಯ ಹತ್ತಿರ ನಿಂತು ಆಚೆ ಹೋಗಿವೆ. ಎಲ್ಲವನ್ನೂ ಓದಿದೆ. ಆವತ್ತು ಸಿಕ್ಕ ಧೈರ್ಯ ಸಣ್ಣದಲ್ಲ.

ಅಪ್ಪ ಇಲ್ಲಿಗೆ ಬಂದದ್ದು ಜೂನ್‌ನಲ್ಲಿ. ನಯಾಗರ ನೋಡಿದರು, ಮೊಮ್ಮಕ್ಕಳ ಶಾಲೆ ನೋಡಿದರು. ನವೆಂಬರ್‌ಗೆ ಬನ್ನಿ, ಕಾಡಿಗೆ ಹೋಗೋಣ ಅಂತ ಪ್ರತಿ ವರ್ಷ ಕರೆದೆ. ನವೆಂಬರ್ ಅಂದರೆ ಅರೇಬಿಕಾ ಹಣ್ಣಾಗುವ ಕಾಲ, ಗದ್ದೆ ಕೆಲಸವೂ ಮುಂದೆಯೇ ಇರುತ್ತದೆ. ತೋಟ ಬಿಟ್ಟು ಹೇಗೆ ಬರಲಿ ಅನ್ನುತ್ತಿದ್ದರು. ನನಗೂ ಅದು ಸರಿಯೆನಿಸುತ್ತಿತ್ತು. ಬೀಚ್ ಮರದ ಬುಡದ ಕೆದಕಿದ ಎಲೆ ನೋಡುವ ಮುಂಚೆಯೇ ಅವರು ಹೋಗಿಬಿಟ್ಟರು. ಜಿಂಕೆ ಹೊಡೆದ ವರ್ಷವೂ ಸರಿ, ಬರಿಗೈಯಲ್ಲಿ ಬಂದ ವರ್ಷವೂ ಸರಿ, ನನಗೆ ಅದೇ ನೆನಪಾಗುತ್ತದೆ. ಪಾಲಿನ ಮಾಂಸ ಕೊಡಲು ಮನೆಗಳು ಸಿಗುತ್ತವೆ. ಮೊದಲ ಪಾಲು ಯಾರಿಗೆ ಸೇರಬೇಕೋ ನಿನಗೆ ಗೊತ್ತಲ್ವಾ?

ನಿನ್ನ ತಂದೆಯವರಿಗೆ ನಡೆಯುವ ಶಕ್ತಿ ಇರುವಾಗಲೇ ಟಿಕೆಟ್ ಮಾಡು. ಬೇಸಿಗೆಯಲ್ಲಿ ಬೇಡ, ಅಕ್ಟೋಬರ್ ಕೊನೆಗೆ ಮಾಡು. ಒಂದು ವರ್ಷ ಕಾಫಿ ಕುಯ್ಲನ್ನು ಚಿಕ್ಕಪ್ಪನೋ ದೊಡ್ಡಪ್ಪನೋ ನೋಡಿಕೊಳ್ಳಲಿ. ಅವರಿಗೆ ಕೋವಿ ಬೇಡ, ಕಿತ್ತಳೆ ಟೋಪಿ ಹಾಕಿಸಿ ಜೊತೆಗೆ ನಡೆಸಿಕೊಂಡು ಹೋಗು. ಕೋರ್ಸ್ ಮುಗಿದ ಮೇಲೆ ನನಗೆ ಬರೆ. ಅಡಿರಾಂಡ್ಯಾಕ್‌ನ ಇಂಡಿಯನ್ ಲೇಕ್ ಹತ್ತಿರ ಬೀಚ್ ಮರಗಳಿರುವ ಒಂದು ಗುಡ್ಡ ಗೊತ್ತು. ಈ ವರ್ಷ ಕಾಯಿ ಬಿಟ್ಟಿದೆಯಾ ಅಂತ ಸೆಪ್ಟೆಂಬರ್‌ನಲ್ಲೇ ಹೋಗಿ ನೋಡಿ ಹೇಳುತ್ತೇನೆ.