ಕಿಲೋಮೀಟರ್ ಬಿಡಿ, ಯಾವ ದಿನ ಇಳಿಯುತ್ತೀರಿ ನೋಡಿ

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಗಂಟೆ, ಊರಿನ ಗೃಹಪ್ರವೇಶಕ್ಕೆ ನೇರ ವಿಮಾನವೋ ಒಂದು ಸ್ಟಾಪ್ ಇರೋದೋ ಅಂತ ಕೇಳಿದ್ದೀರಿ. ದೂರ ಸುಮಾರು 14,000 ಕಿ.ಮೀ., ನೇರ ಹಾರಿದರೆ 16ರಿಂದ 17 ಗಂಟೆ ಚಿಲ್ಲರೆ. ನಾನೂ ಇದನ್ನೇ ನೋಡಿಕೊಂಡು ಹಾಳಾದವನು.

2023ರ ಫೆಬ್ರವರಿ. ಭಾನುವಾರ ಬೆಳಿಗ್ಗೆ ಶಿರಸಿಯಲ್ಲಿ ತಂಗಿ ಮದುವೆ. ಶುಕ್ರವಾರ ರಾತ್ರಿ 9ಕ್ಕೆ ನೇರ ವಿಮಾನ ಇತ್ತು. 9ಕ್ಕೆ 17 ಕೂಡಿಸಿದೆ, ಶನಿವಾರ ಮಧ್ಯಾಹ್ನ 2 ಅಂತ ಬಂತು, ಶನಿವಾರ ರಾತ್ರಿಯ ಶಿರಸಿ ಬಸ್ಸಿಗೆ ಸೀಟೂ ಬುಕ್ ಮಾಡಿದೆ. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಸಣ್ಣದಾಗಿ +2 ಅಂತಿತ್ತು. ಅದು ಬ್ಯಾಗುಗಳ ಲೆಕ್ಕ ಇರಬೇಕು ಅಂದುಕೊಂಡೆ, ನಗಬೇಡಿ. ಯಾಕೆ ಹಾಗಾಯ್ತು ಅಂದರೆ, ಅಮೆರಿಕಕ್ಕೆ ಹೋಗುವಾಗ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟವನು ಅದೇ ದಿನ ಸಂಜೆ ಅಲ್ಲಿ ಇಳಿದಿದ್ದೆ. ಹಾಗಾಗಿ ತಾರೀಖು ಅನ್ನೋದೇ ತಲೆಗೆ ಬರಲಿಲ್ಲ. ಆವತ್ತು ಪುಕ್ಕಟೆ ಸಿಕ್ಕ ಹದಿಮೂರೂವರೆ ಗಂಟೆಯನ್ನು ವಾಪಸ್ ಬರುವಾಗ ಕೊಡಬೇಕು ಅಲ್ವಾ? ಚಳಿಗಾಲದಲ್ಲಿ ನಮ್ಮೂರಿನ ಗಡಿಯಾರ ಅಷ್ಟು ಮುಂದೆ ಇರುತ್ತದೆ. ಅಂದರೆ ಹಾರಾಟದ 17, ಗಡಿಯಾರದ 13.5, ಒಟ್ಟು ಮೂವತ್ತೂವರೆ. ಭಾನುವಾರ ಬೆಳಗಿನ ಜಾವ 3.30! ಆ +2 ಅಂದರೆ ಹೊರಟ ತಾರೀಖಿಗೆ ಎರಡು ದಿನ ಕೂಡಿಸಿಕೊಳ್ಳಿ ಅಂತ.

ಬೋರ್ಡಿಂಗ್ ಸಾಲಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. "ಇಲ್ಲಿ ಶನಿವಾರ ಹತ್ತು ಗಂಟೆ ಆಯ್ತಲ್ಲೋ ಮಾರಾಯ, ಚಪ್ಪರ ಕಟ್ತಾ ಇದ್ದಾರೆ, ನೀನಿನ್ನೂ ಅಲ್ಲೇ ಇದ್ದೀಯಾ?" ಅಂದರು. ಕಾಲು ನಡುಗಿತು.

ದೇವನಹಳ್ಳಿಯಿಂದ ಟ್ಯಾಕ್ಸಿ ಮಾಡಿಕೊಂಡು ಶಿರಸಿ ಮುಟ್ಟುವಾಗ ಎರಡನೇ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದರು. ಲಾಜಾಹೋಮದಲ್ಲಿ ತಂಗಿ ಕೈಗೆ ಅರಳು ಹಾಕಬೇಕಾದವನು ನಾನು. ಚಿಕ್ಕಪ್ಪನ ಮಗ ಹಾಕಿದ್ದ. ತಂಗಿ ಏನೂ ಅನ್ನಲಿಲ್ಲ, ಊಟ ಆಯ್ತಾ ಅಂತ ಕೇಳಿದಳು, ಅಷ್ಟೇ.

ಆಮೇಲೆ ತಿಳಿಯಿತು, 2021ರಲ್ಲಿ ಈ ದಾರಿಯ ಮೊದಲ ನೇರ ವಿಮಾನವೂ (ಪೈಲಟ್‌ಗಳೆಲ್ಲ ಹೆಂಗಸರೇ, ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದರು) ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿದಿತ್ತು. ಪೇಪರಿನಲ್ಲೆಲ್ಲ ಬಂದಿದ್ದ ಸುದ್ದಿ.

ಹಾಗಾಗಿ ನೇರವೋ ಸ್ಟಾಪೋ ಅನ್ನುವ ಪ್ರಶ್ನೆಯೇ ಸುಮ್ನೆ. ದುಬೈ ಮೇಲೆ ಬಂದರೆ ಎರಡೂ ಹಾರಾಟ ಸೇರಿ ಸುಮಾರು 20 ಗಂಟೆ, ನಡುವೆ ಕಾಯುವುದು ಬೇರೆ. ಅಗ್ಗ ಯಾವುದೋ ಅದನ್ನು ತಗೊಳ್ಳಿ. ಆದರೆ ಗೃಹಪ್ರವೇಶಕ್ಕೆ ಮೂರು ದಿನ ಮೊದಲೇ ಇಳಿಯಿರಿ, ಒಂದು ದಿನದ ರಜೆ ಉಳಿಸೋಕೆ ಹೋಗಬೇಡಿ. ಮತ್ತೆ, ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅದಾದ ಮೇಲೆ ಹೊರಡುವುದಾದರೆ 13.5 ಅಲ್ಲ, 12.5 ಕೂಡಿಸಿ.